ಲಕ್ಷಕ್ಕೊಬ್ಬ ಕಳ್ಳ

ಆ ರಾಜ್ಯ ಎಷ್ಟು ಚಿಕ್ಕದೆಂದರೆ, ಭೂಪಟದಲ್ಲಿ ಅದರ ಹೆಸರು ಬರೆಯಲು ಜಾಗ ಸಾಲದೆ, ಹೆಸರನ್ನು ಪಕ್ಕದ ಸಮುದ್ರದೊಳಗೆ ಬರೆದು ಅಲ್ಲಿಂದ ಒಂದು ಬಾಣದ ಗುರುತು ಹಾಕಿರುತ್ತಾರೆ. ಬಾಣದ ಮೊನೆಯೇ ಅರ್ಧ ರಾಜ್ಯವನ್ನು ಮುಚ್ಚಿಬಿಡುತ್ತದೆ. ಒಂದು ಗಡಿಯಲ್ಲಿ ಯಾರಾದರೂ ಸೀನಿದರೆ ಇನ್ನೊಂದು ಗಡಿಯವರಿಗೆ ನೆಗಡಿಯಾಗುತ್ತದೆ. (ಇದು ಸ್ವಲ್ಪ ಹೆಚ್ಚಾಯಿತು ಅನ್ನುವವರು, ಮಧ್ಯದವರಿಗೆ ನೆಗಡಿಯಾಗುತ್ತದೆ ಎಂದು ಓದಿಕೊಳ್ಳಬಹುದು.) ಇಷ್ಟು ಪುಟ್ಟ ರಾಜ್ಯದಲ್ಲೂ ನಗರ ಅನ್ನಿಸಿಕೊಂಡವು ಮೂರಿದ್ದವು: ರಾಜಧಾನಿ, ಗುಡ್ಡದ ಊರು, ಬಂದರಿನ ಊರು. ಮೂರು ನಗರಗಳಿದ್ದ ಮೇಲೆ, ಯಾವುದರಲ್ಲಿ ಕಳ್ಳರು ಹೆಚ್ಚು ಎಂಬ ಪ್ರಶ್ನೆ ಹುಟ್ಟದೇ ಇರುತ್ತದೆಯೇ? ಸರ್ಕಾರ ಅದಕ್ಕೆಂದೇ ಒಂದು ಕಚೇರಿ ತೆರೆದು, ವರ್ಷಕ್ಕೊಮ್ಮೆ ‘ಲಕ್ಷ ಜನಕ್ಕೆ ಇಷ್ಟು ಅಪರಾಧ’ ಎಂದು ಲೆಕ್ಕ ಹಾಕಿ ಪೇಪರಿಗೆ ಕೊಡುತ್ತಿತ್ತು. ಜನ ಅದನ್ನು ಆಟದ ಸ್ಕೋರಿನ ಹಾಗೆ ಓದಿ ತಮ್ಮ ಊರು ಗೆದ್ದರೆ ಎದೆಯುಬ್ಬಿಸಿ, ಸೋತರೆ ಅಂಪೈರನ್ನು ಬೈಯುತ್ತಿದ್ದರು.

ಎಲ್ಲರಿಗಿಂತ ಗಂಭೀರವಾಗಿ ಓದುತ್ತಿದ್ದವರು ತಕ್ಕಡಿ ಸಾಹೇಬರು. ರಾಜಧಾನಿಯ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು, ಅಂಗಡಿ ಅಂಗಡಿ ಅಲೆದು ತೂಕದ ಬಟ್ಟುಗಳಿಗೆ ಮುದ್ರೆಯೊತ್ತಿ, ಸುಳ್ಳು ತಕ್ಕಡಿ ಹಿಡಿದ ವ್ಯಾಪಾರಿಗಳಿಗೆ ದಂಡ ಹಾಕಿ, ಈಗ ನಿವೃತ್ತರಾದವರು. ತೂಗಲಾಗದ್ದು ಜಗತ್ತಿನಲ್ಲಿ ಇಲ್ಲವೇ ಇಲ್ಲ ಎಂಬುದು ಅವರ ವೇದಾಂತ. ಮದುವೆಗೆ ಮುಂಚೆ ಹೆಣ್ಣು ನೋಡಿ ಬಂದಾಗ ಅವರಮ್ಮ, “ಹುಡುಗಿ ಹೇಗಿದಾಳೋ?” ಎಂದರೆ, “ಐದಡಿ ಎರಡಂಗುಲ” ಎಂದಿದ್ದರಂತೆ.

ಆ ಐದಡಿ ಎರಡಂಗುಲವೇ ಟೀಚರಮ್ಮ. ಹೊಲಿಗೆ ಹೇಳಿಕೊಡುತ್ತಿದ್ದಾಕೆ. ಆಕೆ ಇಡೀ ಜನ್ಮದಲ್ಲಿ ಟೇಪು ಮುಟ್ಟಿದವರಲ್ಲ. ಎದುರಿಗೆ ನಿಂತವರ ಬೆನ್ನನ್ನು ಒಮ್ಮೆ ನೋಡಿ, ಕತ್ತರಿ ಎತ್ತಿಕೊಂಡು ಸರಕ್ಕನೆ ಬಟ್ಟೆ ಕತ್ತರಿಸುತ್ತಿದ್ದರು. ಅಂಗಿ ಮೈಗೆ ಅಂಟಿಸಿದ ಹಾಗೆ ಕೂರುತ್ತಿತ್ತು. ಸಾಹೇಬರಿಗೆ ಇದು ಇಡೀ ಇಲಾಖೆಗೆ ಮಾಡಿದ ಅವಮಾನದಂತೆ ಕಾಣುತ್ತಿತ್ತು.

ಗೋಳು ಶುರುವಾದದ್ದು ನಿವೃತ್ತಿಯ ಮರುದಿನ. ಬಾಡಿಗೆ ಮನೆಯ ಯಜಮಾನರು ಬಂದು, ಹೊಸ ವರ್ಷಕ್ಕೆ ಮನೆ ಖಾಲಿ ಮಾಡಿಕೊಡಿ ಎಂದರು. ಇನ್ನುಳಿದ ಆಯುಷ್ಯವನ್ನು ಎಲ್ಲಿ ಕಳೆಯುವುದು? ಸಾಹೇಬರ ಅಕ್ಕ ಗುಡ್ಡದ ಊರಿನಲ್ಲಿದ್ದರು. ಅವರ ಹಿತ್ತಿಲಲ್ಲಿ ಎರಡು ಕೋಣೆಗಳ ಮನೆ ಖಾಲಿಯಿತ್ತು. ಟೀಚರಮ್ಮನ ತಮ್ಮ ಬಂದರಿನ ಊರಿನಲ್ಲಿದ್ದ; ಅವನ ಮನೆಯ ಕೆಳಅಂತಸ್ತು ಖಾಲಿಯಿತ್ತು.

“ಗುಡ್ಡಕ್ಕೇ ಹೋಗೋಣ ಕಣೇ. ಗಾಳಿ ಎಷ್ಟು ಚೆನ್ನಾಗಿದೆ!”

“ಗಾಳಿ ನನ್ನ ತಮ್ಮನ ಮನೇಲೂ ಇದೆ ರೀ. ಸಮುದ್ರದ ಗಾಳಿ. ನಿಮ್ಮದಕ್ಕಿಂತ ಸ್ವಲ್ಪ ಉಪ್ಪು ಜಾಸ್ತಿ, ಅಷ್ಟೆ.”

ಗಾಳಿಯೆಲ್ಲ ಬರೀ ನೆಪ. ಟೀಚರಮ್ಮ ಗುಡ್ಡಕ್ಕೆ ಹೆದರುತ್ತಿದ್ದದ್ದು ಅತ್ತಿಗೆಗಾಗಿ. ಯಾರದೇ ಮನೆಯಿರಲಿ, ಮುಚ್ಚಳವಿರುವ ವಸ್ತು ಕಣ್ಣಿಗೆ ಬಿದ್ದರೆ ಅದನ್ನು ತೆಗೆದು ಒಳಗೆ ಇಣುಕದ ಹೊರತು ಆ ಮಹಾತಾಯಿಗೆ ಅನ್ನ ಅರಗುತ್ತಿರಲಿಲ್ಲ. ಡಬ್ಬ, ಪಾತ್ರೆ, ಟ್ರಂಕು, ಮಾತ್ರೆಯ ಶೀಶೆ ಯಾವುದನ್ನೂ ಬಿಡುತ್ತಿರಲಿಲ್ಲ. ಟೀಚರಮ್ಮನ ಹೊಸ ಸಂಸಾರ ನೋಡಲು ಬಂದಾಗ ಆಕೆ ತೆಗೆಯದೆ ಬಿಟ್ಟ ಮುಚ್ಚಳ ನೀರಿನ ಟ್ಯಾಂಕಿನದೊಂದೇ. ಅದೂ ಏಣಿ ಸಿಗಲಿಲ್ಲ ಅಂತ.

ಸಾಹೇಬರು ಬಂದರಿಗೆ ಹೆದರುತ್ತಿದ್ದದ್ದು ಬಾಮೈದನ ಕ್ಲಾರಿನೆಟ್ಟಿಗಾಗಿ. ಬಂದರಿನಲ್ಲಿ ಕ್ರೇನ್ ಓಡಿಸಿಕೊಂಡಿದ್ದ ಸಾಧು ಮನುಷ್ಯ, ಕೆಲಸ ಬಿಟ್ಟ ಮೇಲೆ ಎಲ್ಲಿಂದಲೋ ಒಂದು ಕ್ಲಾರಿನೆಟ್ ತಂದು ದಿನ ಬೆಳಗಾದರೆ ಊದತೊಡಗಿದ್ದ. ಅವನು ಮೊದಲ ಸಲ ಊದಿದ ದಿನ, ದಡಕ್ಕೆ ಬರುತ್ತಿದ್ದ ಹಡಗೊಂದು ಇದೇನೋ ಅಪಾಯದ ಸೈರನ್ನು ಎಂದು ತಿರುಗಿ ಪಕ್ಕದ ದೇಶಕ್ಕೆ ಹೋಗಿ ಸರಕು ಇಳಿಸಿತಂತೆ. ಅದರ ಕೆಳಗಿನ ಅಂತಸ್ತಿನಲ್ಲಿ ಬದುಕುವುದೆಂದರೆ!

ಆದರೆ ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಬೈದುಕೊಳ್ಳಲಿ, ಆಚೆಯವರ ಒಡಹುಟ್ಟಿದವರ ಸುದ್ದಿಗೆ ಹೋದರೆ ಆ ದಿನ ಒಲೆ ಹೊತ್ತುವುದಿಲ್ಲ. ಹೀಗೆ ಇಬ್ಬರೂ ಗಂಟಲಲ್ಲಿ ಮುಳ್ಳಿಟ್ಟುಕೊಂಡು ಗಾಳಿಯ ಬಗ್ಗೆ ವಾರಗಟ್ಟಲೆ ವಾದಿಸುತ್ತಿದ್ದಾಗ, ಸಾಹೇಬರ ತಲೆಯಲ್ಲಿ ಒಂದು ದಿವ್ಯವಾದ ಯೋಚನೆ ಮಿಂಚಿತು.

“ನೋಡೇ, ವಯಸ್ಸಾದವರಿಗೆ ಮುಖ್ಯ ಬೇಕಾದ್ದು ಭದ್ರತೆ. ಈ ವರ್ಷ ಈ ಎರಡರಲ್ಲಿ ಯಾವ ಊರಲ್ಲಿ ಅಪರಾಧದ ರೇಟು ಕಮ್ಮಿಯೋ ಆ ಊರಿಗೆ ಹೋಗೋಣ. ನನ್ನ ಮಾತೂ ಅಲ್ಲ, ನಿನ್ನ ಮಾತೂ ಅಲ್ಲ. ಸರ್ಕಾರದ ಮಾತು.”

ಹಿಂದಿನ ವರ್ಷ ಬಂದರಿನ ಊರು ಮೂರನೆಯ ಸ್ಥಾನಕ್ಕೆ ಬಿದ್ದು ಮಣ್ಣುಮುಕ್ಕಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಟೀಚರಮ್ಮನಿಗೂ ನೆನಪಿತ್ತು.

“ಅಯ್ಯೋ, ಆ ಲೆಕ್ಕ ಕಟ್ಟಿಕೊಂಡು ಏನು ಮಾಡ್ತೀರಿ? ನಮ್ಮೂರಿಗೆ ದಿನಾ ಹಡಗು ಹಡಗು ತುಂಬಿ ಜನ ಬರ್ತಾರೆ. ಜನಸಂಖ್ಯೆ ಎಣಿಸೋವಾಗ ಅವರನ್ನ ಬಿಡ್ತಾರೆ, ಅವರ ಜೇಬು ಕತ್ತರಿಸಿದ್ದನ್ನ ಮಾತ್ರ ನಮ್ಮ ತಲೆಗೆ ಕಟ್ತಾರೆ. ಇದ್ಯಾವ ಸೀಮೆ ನ್ಯಾಯ?”

“ಲೆಕ್ಕ ಅಂದ್ರೆ ಲೆಕ್ಕ.”

“ಇನ್ನು ನಿಮ್ಮೂರಿನ ಪೊಲೀಸ್ ಠಾಣೆ ಎಲ್ಲಿದೆ? ಗುಡ್ಡದ ನೆತ್ತಿ ಮೇಲೆ. ಕೆಳಗಿನ ಬೀದೀಲಿ ಬಕೆಟ್ ಕಳ್ಕೊಂಡವನು ಆ ಮೆಟ್ಟಿಲು ಹತ್ತಿ ದೂರು ಕೊಡೋ ಬದಲು ಇನ್ನೊಂದು ಬಕೆಟ್ ಕೊಂಡ್ಕೋತಾನೆ. ಕಳ್ಳರು ಕಮ್ಮಿ ಅಲ್ಲ ರೀ ಅಲ್ಲಿ, ಮಂಡಿನೋವು ಜಾಸ್ತಿ.”

“ಸೋಲೋ ಭಯ ಇದ್ರೆ ಬೇಡ ಬಿಡು.”

“ನನಗೇನು ಭಯ? ಆಗಲಿ,” ಎಂದು ಟೀಚರಮ್ಮ ಸೂಜಿಗೆ ದಾರ ಪೋಣಿಸಿದರು. ಒಂದೇ ಏಟಿಗೆ ಪೋಣಿಸಿದ್ದು ನೋಡಿ ಸಾಹೇಬರಿಗೆ ಯಾಕೋ ಒಳಗೊಳಗೇ ಅಳುಕಾಯಿತು.

ಅಳುಕಿದ್ದು ಸರಿಯಾಗಿಯೇ ಇತ್ತು. ವರ್ಷ ಮುಗಿಯಲು ಹತ್ತಿರವಿದ್ದಾಗ ಪೇಪರಿನವರು ಅಲ್ಲಿಯವರೆಗಿನ ಅಂಕಿಗಳನ್ನು ಅಚ್ಚು ಹಾಕಿದರು. ನೋಡಿದರೆ ಗುಡ್ಡದ ಊರು ಬಂದರಿನ ಊರಿಗಿಂತ ಕೂದಲೆಳೆಯಷ್ಟು ಮೇಲೆ! ಅಂದರೆ ಅಪರಾಧದಲ್ಲಿ ಮೇಲೆ, ಮರ್ಯಾದೆಯಲ್ಲಿ ಕೆಳಗೆ. ಸಾಹೇಬರು ಅಕ್ಕನಿಗೆ ಫೋನು ಮಾಡಿ ವಿಚಾರಿಸಿದರು. ಇಡೀ ವರ್ಷದಲ್ಲಿ ಅಲ್ಲಿ ನಡೆದದ್ದು ಒಂದೇ ಒಂದು ಅಪರಾಧ: ಒಬ್ಬ ಅಂಚೆಯವನು ಒಬ್ಬ ಕ್ಷೌರಿಕನಿಗೆ ಕೊಡೆಯಿಂದ ಒಂದೇಟು ಹಾಕಿದ್ದ. ಆದರೆ ಆ ಊರಿನ ಜನರೆಲ್ಲ ಸೇರಿದರೂ ಒಂದು ಸಿನಿಮಾ ಮಂದಿರ ತುಂಬುವುದು ಕಷ್ಟ. ಅಷ್ಟು ಪುಟ್ಟ ಊರಿನ ಒಂದೇಟನ್ನು ಲಕ್ಷದ ಲೆಕ್ಕಕ್ಕೆ ಏರಿಸಿದಾಗ, ಊರಿಗೆ ಊರೇ ಕೊಡೆ ಹಿಡಿದು ಬೀದಿಗಿಳಿದು ಬಡಿದಾಡಿದಂತೆ ಕಾಣುತ್ತಿತ್ತು.

“ನಿಮ್ಮ ಸರ್ಕಾರದ ಮಾತು ಓದಿದ್ರಾ?” ಎಂದರು ಟೀಚರಮ್ಮ, ಬಹಳ ಮೃದುವಾಗಿ.

ಸಾಹೇಬರ ಕಿವಿಯಲ್ಲಿ ಆಗಲೇ ಕ್ಲಾರಿನೆಟ್ ಊಳಿಡುತ್ತಿತ್ತು. ಕೂದಲೆಳೆಯ ವ್ಯತ್ಯಾಸ! ಬಂದರಿನಲ್ಲಿ ಇನ್ನೊಂದೇ ಒಂದು ಕಳ್ಳತನವಾದರೆ ತಕ್ಕಡಿ ಈಚೆಗೆ ವಾಲುತ್ತದೆ. ಆದರೆ ಕಳ್ಳರನ್ನು ನಂಬಿಕೊಂಡು ಕೂರಲಾಗುವುದೇ? ಬೇಕಾದಾಗ ಒಬ್ಬನೂ ಸಿಗುವುದಿಲ್ಲ. ತಾವೇ ಅಲ್ಲಿಗೆ ಹೋಗಿ, ಜೇಬುಗಳ್ಳತನವಾಯಿತು ಎಂದು ಸುಳ್ಳು ದೂರು ಕೊಟ್ಟರೆ? ಛೆ! ಸುಳ್ಳು ದೂರಿಗೂ ಸುಳ್ಳು ಬಟ್ಟಿಗೂ ಏನು ವ್ಯತ್ಯಾಸ? ಜೀವಮಾನವಿಡೀ ಸರಿಯಾದ ತೂಕಕ್ಕಾಗಿ ಹೋರಾಡಿದವರು ಸರ್ಕಾರದ ಅಂಕಿಗೆ ಕಲಬೆರಕೆ ಮಾಡುವುದೇ? ಆತ್ಮಸಾಕ್ಷಿ ಒಪ್ಪಲಿಲ್ಲ. ಬಹಳ ಹೊತ್ತು ಯೋಚಿಸಿದ ಮೇಲೆ ಒಂದೇ ಒಂದು ಪ್ರಾಮಾಣಿಕವಾದ ದಾರಿ ಕಾಣಿಸಿತು. ಕಳ್ಳತನವನ್ನು ನಿಜವಾಗಿಯೂ ಮಾಡುವುದು.

ಮತ್ತು ಏನನ್ನು ಕದಿಯಬೇಕು ಎಂಬ ವಿಷಯದಲ್ಲಿ ಅವರಿಗೆ ಒಂದು ಕ್ಷಣವೂ ಯೋಚನೆ ಬೇಕಾಗಲಿಲ್ಲ.

“ಹೇಗಿದ್ರೂ ಹೋಗೋದೇ ಅಲ್ವಾ, ಕೆಳಅಂತಸ್ತಿನ ಅಳತೆ ತಗೊಂಡು ಬರ್ತೀನಿ,” ಎಂದು ಹೆಂಡತಿಗೆ ಹೇಳಿ ಸಾಹೇಬರು ಬಂದರಿಗೆ ಹೋದರು. ಬಾಮೈದನಿಗೆ ಭಾವ ಬಂದರೆಂದು ಸಂಭ್ರಮ. ಸಂಭ್ರಮಕ್ಕೆ ಒಂದು ತಾಸು ಹೆಚ್ಚಾಗಿಯೇ ಊದಿದ. ಸಾಹೇಬರು ಹಲ್ಲು ಕಚ್ಚಿಕೊಂಡು ಕೂತಿದ್ದು, ಅವನು ಬೆಳಗಿನ ಸ್ನಾನಕ್ಕೆ ಹೋದ ತಕ್ಷಣ, ಕ್ಲಾರಿನೆಟ್ಟನ್ನು ಅದರ ಪೆಟ್ಟಿಗೆ ಸಮೇತ ತಮ್ಮ ಕೈಚೀಲಕ್ಕೆ ಇಳಿಸಿ, “ಬರ್ತೀನಪ್ಪಾ, ಬಸ್ಸಿಗೆ ಹೊತ್ತಾಯ್ತು!” ಎಂದು ಬಚ್ಚಲ ಬಾಗಿಲಿಗೆ ಕೂಗಿ ಹೊರಬಿದ್ದರು. (ಹೇಳದೆ ಹೋಗುವುದು ಮರ್ಯಾದೆಯಲ್ಲ.)

ಬಸ್ಸಿನಲ್ಲಿ ಕೂತ ಮೇಲೆ ಹೊಸ ಸಮಸ್ಯೆ. ಮಾಲನ್ನು ಎಲ್ಲಿಡುವುದು? ಸಮುದ್ರಕ್ಕೆ ಎಸೆಯಲು ಮನಸ್ಸಾಗಲಿಲ್ಲ, ಅವರೇನು ಕಟುಕರಲ್ಲ. ಹೊಸ ವರ್ಷ ಬಂದು ಲೆಕ್ಕ ಮುಗಿದ ಮೇಲೆ ಹೇಗಾದರೂ ಮಾಡಿ ವಾಪಸು ತಲುಪಿಸುವುದು ಅವರ ಉದ್ದೇಶ. ರಾಜಧಾನಿಯ ಮನೆಗೆ ಒಯ್ದರೆ ಟೀಚರಮ್ಮನ ಕಣ್ಣು ತಪ್ಪಿಸುವುದು ಬ್ರಹ್ಮನಿಂದಲೂ ಆಗದು. ಅಲ್ಲಿಯವರೆಗೆ ಇರಲಿ ಎಂದು, ನೆಟ್ಟಗೆ ಗುಡ್ಡದ ಊರಿಗೆ ಹೋಗಿ ಅಕ್ಕನ ಮನೆ ಸೇರಿದರು. ಚೀಲವನ್ನು ಕೋಣೆಯ ಮೂಲೆಯಲ್ಲಿಟ್ಟು, ಕೈಕಾಲು ತೊಳೆಯಲು ಹಿತ್ತಿಲಿಗೆ ನಡೆದರು.

ಬುದ್ಧಿವಂತರಿಗೆ ಬುದ್ಧಿ ಕೈಕೊಡುವುದು ಇಂಥ ಹೊತ್ತಿನಲ್ಲೇ. ಮುಖಕ್ಕೆ ಸೋಪು ಹಚ್ಚಿಕೊಳ್ಳುವಷ್ಟರಲ್ಲಿ ಒಳಗೆ ಪೆಟ್ಟಿಗೆಯ ಎರಡು ಚಿಲಕಗಳ ‘ಟಕ್ ಟಕ್’ ಶಬ್ದವೂ, ಅದರ ಬೆನ್ನಿಗೇ ಒಂದು ಚೀರಾಟವೂ ಕೇಳಿಸಿತು. ಕೆಂಪು ಮಖಮಲ್ಲಿನ ಮೇಲೆ ಸಾಲಾಗಿ ಮಲಗಿದ್ದ, ಬೆಳ್ಳಿ ಬಣ್ಣದ ಕೀಲಿಗಳಿದ್ದ ಐದು ಕರೀ ಕೊಳವೆಗಳನ್ನು ಅಕ್ಕ ಅಷ್ಟರಲ್ಲಿ ನೋಡಿಯಾಗಿತ್ತು. ಬಿಡಿಬಿಡಿಯಾಗಿಟ್ಟ ಬಂದೂಕು! ಸಾಹೇಬರು ಕಣ್ಣಿನ ಸೋಪು ಒರೆಸಿಕೊಂಡು ಒಳಗೆ ಬರುವುದರೊಳಗೆ ಅಕ್ಕ ಮನೆಯಲ್ಲಿರಲಿಲ್ಲ. ಮಂಡಿನೋವೆಂದು ವರ್ಷಗಟ್ಟಲೆ ಮಾಳಿಗೆ ಹತ್ತದ ಹೆಂಗಸು, ಠಾಣೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಿದ್ದರು.

ಠಾಣೆಯಲ್ಲಿದ್ದವನು ಒಬ್ಬನೇ ದಫೇದಾರ. ಕೇಸು ಸಾಲದ ಠಾಣೆಯನ್ನು ಮುಚ್ಚಿಬಿಡುತ್ತಾರಂತೆ ಎಂಬ ಸುದ್ದಿಯಿಂದ ಅವನಿಗೆ ನಿದ್ದೆ ಬಿಟ್ಟಿತ್ತು. ಅಕ್ಕ ಏದುಸಿರು ಬಿಡುತ್ತ, “ನನ್ನ ತಮ್ಮ... ಬಂದೂಕು...” ಎಂದಾಗ ಅವನಿಗೆ ಸ್ವರ್ಗ ಮೂರೇ ಗೇಣು ಅನ್ನಿಸಿತು. ಸೀಟಿ ಊದುತ್ತ ಇಳಿದು ಬಂದ. ಬಂದೂಕಲ್ಲ, ವಾದ್ಯ ಎಂದು ಗೊತ್ತಾದಾಗ ಪಾಪ, ಅವನ ಮುಖ ಬಾಡಿತು. ಆದರೂ ಆಸೆ ಬಿಡದೆ ಕೇಳಿದ:

“ಯಾರದು ಇದು?”

“ನಂದೇ.”

“ನಿಮ್ದೇ ಆದ್ರೆ ಸ್ವಲ್ಪ ನುಡಿಸಿ, ಯಜಮಾನ್ರೇ. ಕೇಳೋಣ.”

ಸಾಹೇಬರು ಐದು ತುಂಡುಗಳನ್ನು ಜೋಡಿಸಲು ನೋಡಿದರು. ಒಂದು ಉಳಿಯಿತು. ಉಳಿದದ್ದನ್ನು ಪಕ್ಕಕ್ಕಿಟ್ಟು, ದೇವರ ಮೇಲೆ ಭಾರ ಹಾಕಿ ಊದಿದರು. ಅದರಿಂದ ಹೊರಟ ನಾದಕ್ಕೆ ಬೀದಿಯ ಕತ್ತೆಯೊಂದು ತನ್ನವರು ಯಾರೋ ಸತ್ತರೆಂದು ತಿಳಿದು ಪ್ರತಿಕ್ರಿಯಿಸಿತು. ದಫೇದಾರ ಪೆಟ್ಟಿಗೆಯ ಮುಚ್ಚಳದ ಒಳಗಡೆ ಅಂಟಿಸಿದ್ದ ಚೀಟಿಯಲ್ಲಿ ಬಾಮೈದನ ಹೆಸರು ವಿಳಾಸ ಓದಿಕೊಂಡು, ಕಣ್ಣೀರು ತುಂಬಿಕೊಂಡು, “ಕದ್ದ ಮಾಲು!” ಎಂದು ಕಳ್ಳನ ಕೈಯನ್ನೇ ಪ್ರೀತಿಯಿಂದ ಹಿಡಿದುಕೊಂಡ.

ಲಾಕಪ್ಪಿನಲ್ಲಿ ಅವನು ಈರುಳ್ಳಿ ಒಣಹಾಕಿದ್ದ. ಅದರ ಮಧ್ಯೆಯೇ ಸಾಹೇಬರಿಗೊಂದು ಸ್ಟೂಲು ಹಾಕಿಕೊಟ್ಟ. ಸಾಹೇಬರ ಕಣ್ಣಿನಿಂದ ಧಾರಾಕಾರ ನೀರು ಹರಿಯತೊಡಗಿತು. “ಪಶ್ಚಾತ್ತಾಪ ಆಗ್ತಿದೆ, ಒಳ್ಳೇದು,” ಎಂದು ದಫೇದಾರ ಬರೆದುಕೊಂಡ.

“ಸಾರ್, ಕಳ್ಳತನ ಆಗಿದ್ದು ಬಂದರಿನಲ್ಲಿ. ಕೇಸು ಅಲ್ಲೇ ಆಗ್ಬೇಕು. ನ್ಯಾಯವಾಗಿ ಅದು ಅವರ ಕೇಸು ಸಾರ್! ಬೇಕಾದ್ರೆ ನಾನೇ ನಡ್ಕೊಂಡು ಹೋಗಿ ಅಲ್ಲಿ ಶರಣಾಗ್ತೀನಿ,” ಎಂದು ಸಾಹೇಬರು ಅಂಗಲಾಚಿದರು.

ದಫೇದಾರ ಬಂದರಿನ ಠಾಣೆಗೆ ಫೋನು ಮಾಡಿದ. ಅಲ್ಲಿಯ ಇನ್ಸ್‌ಪೆಕ್ಟರ ಮನೆಯಿದ್ದದ್ದು ಬಾಮೈದನ ಮನೆಯ ಹಿಂದುಗಡೆಯ ಗೋಡೆಗೆ ತಾಗಿಕೊಂಡು. “ಹೌದು, ಬಂದಿದ್ದ ಬೆಳಿಗ್ಗೆ, ದೂರು ಕೊಡೋಕೆ,” ಎಂದರು ಆ ಪುಣ್ಯಾತ್ಮ. “ಹೋದದ್ದು ಹೋಯ್ತು, ಮನಸ್ಸು ಗಟ್ಟಿ ಮಾಡ್ಕೊಳ್ಳಪ್ಪ ಅಂತ ಸಮಾಧಾನ ಮಾಡಿ ಕಳಿಸಿದೆ. ಬರ್ಕೊಳ್ಳಲಿಲ್ಲ. ಇಲ್ಲಿ ಬೀದಿಯವರೆಲ್ಲ ಸಿಹಿ ಹಂಚ್ತಿದಾರೆ ಕಣ್ರೀ! ಏನಂದ್ರಿ? ಸಿಕ್ತಾ? ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ಅಲ್ಲೇ ಇಟ್ಕೊಳ್ಳಿ. ಕೇಸೂ ನಿಮ್ದೇ, ಮಾಲೂ ನಿಮ್ದೇ.”

ಹೀಗೆ ಬಂದರಿನಲ್ಲಿ ಹಗಲುಹೊತ್ತಿನಲ್ಲೇ ನಡೆದ ಕಳ್ಳತನ ಬಂದರಿನಲ್ಲಿ ನಡೆಯಲೇ ಇಲ್ಲ ಎಂದಾಯಿತು. ದಫೇದಾರ ಸಂತೋಷದಿಂದ ಲೇಖನಿ ಝಾಡಿಸಿದ. ಒಂದು ವರ್ಷದಿಂದ ಒಂದೇ ಕೊಡೆಯೇಟಿನ ಮೇಲೆ ಹಸಿದಿದ್ದವನು; ಒಂದು ತುತ್ತಿಗೆ ತೃಪ್ತಿಯಾಗುವುದುಂಟೇ? ಕ್ಲಾರಿನೆಟ್ಟಿನ ತುಂಡುಗಳು ಐದು, ಆದ್ದರಿಂದ ಕೇಸುಗಳೂ ಐದು ಎಂದು ತೀರ್ಮಾನಿಸಿದ. ಅಕ್ಕನನ್ನು ಹೆದರಿಸಿದ್ದಕ್ಕೆ ಇನ್ನೊಂದು. ಕತ್ತೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಅನುಮಾನಿಸಿ ಬಿಟ್ಟುಕೊಟ್ಟ.

“ಕೊನೇ ಪ್ರಶ್ನೆ. ಯಾಕೆ ಕದ್ರಿ?”

ಸಾಹೇಬರು ಈರುಳ್ಳಿಗಳ ನಡುವೆ ಕೂತು ಉತ್ತರಗಳನ್ನು ಒಂದೊಂದಾಗಿ ತೂಗಿ ನೋಡಿದರು. ಬಂದರಿನ ಅಪರಾಧದ ದರ ಏರಿಸಲು ಎಂದರೆ ಹುಚ್ಚಾಸ್ಪತ್ರೆಯ ಗಾಡಿ ಬರುತ್ತದೆ. ಆ ಗಾಡಿಗೂ ಅವರು ಸಿದ್ಧರೇ. ಆದರೆ ಪಂದ್ಯದಲ್ಲಿ ಮೋಸಕ್ಕಿಳಿದ ವಿಷಯ ಟೀಚರಮ್ಮನಿಗೆ ತಿಳಿದರೆ? ಕ್ಲಾರಿನೆಟ್ ಕಂಡರೆ ಆಗದು ಎಂದರೆ, ಆಕೆಯ ತಮ್ಮನನ್ನು ಬೈದ ಹಾಗೆ. ಒಲೆ ಹೊತ್ತುವುದಿಲ್ಲ. ಉಳಿದದ್ದು ಒಂದೇ ಉತ್ತರ.

“ಸಂಗೀತದ ಹುಚ್ಚು ಸಾರ್,” ಎಂದರು, ಕಣ್ಣೊರೆಸಿಕೊಳ್ಳುತ್ತ. “ಆ ವಾದ್ಯ ನೋಡಿದಾಗ ತಡ್ಕೊಳ್ಳೋಕೆ ಆಗ್ಲಿಲ್ಲ.”

ಸಂಜೆಗೆ ಟೀಚರಮ್ಮನೂ ಬಾಮೈದನೂ ಬಂದಿಳಿದರು. ಟೀಚರಮ್ಮ ಗಂಡನನ್ನು ಸರಳುಗಳಾಚೆಯಿಂದ, ಹೊಲಿಯಲು ಕೊಟ್ಟ ಬಟ್ಟೆಯನ್ನು ನೋಡುವ ಹಾಗೆ, ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಟೇಪು ಬೇಕಾಗಲಿಲ್ಲ.

“ಸಂಗೀತದ ಹುಚ್ಚು ಅಂತ ಹೇಳಿದ್ರಂತೆ?”

“ಹೂಂ.”

“ಇಷ್ಟು ವರ್ಷ ರೇಡಿಯೋ ಹಾಕಿದ ಕೂಡ್ಲೇ ಆರಿಸ್ತಿದ್ರಲ್ಲ?”

“ಅದು... ಮನಸ್ಸು ತುಂಬಿ ಬರುತ್ತೆ ಅಂತ.”

“ಪಾಪ! ನಂಗೆ ಗೊತ್ತೇ ಇರ್ಲಿಲ್ಲ ನೋಡಿ,” ಎಂದರು ಟೀಚರಮ್ಮ. ಆಕೆಯ ತುಟಿಯ ಒಂದು ಮೂಲೆ ಮಾತ್ರ ಅಲುಗಿತು. “ಕೇಳಿದ್ಯೇನೋ ತಮ್ಮಾ, ನಿಮ್ಮ ಭಾವ ಹೇಳಿದ್ದು?”

ತಮ್ಮ ಕೇಳಿಸಿಕೊಂಡಿದ್ದ. ಅವನಿಗೂ ಕಣ್ಣೀರು ಬಂದಿತ್ತು. ಈರುಳ್ಳಿಯ ಹತ್ತಿರ ಹೋಗದೆಯೇ ಬಂದಿತ್ತು. “ಭಾವಾ! ಇಷ್ಟು ದಿನ ಒಬ್ಬರಾದ್ರೂ ಚೆನ್ನಾಗಿದೆ ಅಂದವರಿಲ್ಲ. ನೀವು ಕದಿಯೋವಷ್ಟು ಮೆಚ್ಚಿದ್ರಲ್ಲಾ! ಒಂದು ಮಾತು ಕೇಳಿದ್ರೆ ಕೊಡ್ತಿರಲಿಲ್ವಾ?” ಎಂದು ಸರಳುಗಳ ಸಂದಿಯಲ್ಲಿ ಕೈತೂರಿಸಿ ಭಾವನ ಗಲ್ಲ ಸವರಿದ.

ಮಾಲಿನ ಯಜಮಾನನೇ ಕ್ಷಮಿಸಿದ್ದರಿಂದ ಸಾಹೇಬರನ್ನು ಬಿಟ್ಟುಬಿಟ್ಟರು. ಆದರೆ ಅಂಕಿ ಬಿಡಲಿಲ್ಲ. ಬರೆದದ್ದು ಬರೆದದ್ದೇ. ಹೊಸ ವರ್ಷದ ಪಟ್ಟಿ ಬಂದಾಗ ಗುಡ್ಡದ ಊರು ಬಂದರನ್ನೂ ರಾಜಧಾನಿಯನ್ನೂ ಎಷ್ಟೋ ಹಿಂದೆ ಹಾಕಿ, ಪೇಪರಿನ ನಕ್ಷೆಯಲ್ಲಿ ಅದರ ಗೆರೆ ಚೌಕಟ್ಟು ದಾಟಿ ಪಕ್ಕದ ಹಲ್ಲುಪುಡಿಯ ಜಾಹೀರಾತಿನೊಳಕ್ಕೆ ನುಗ್ಗಿತ್ತು. ಪರಊರಿನವರು ಆ ಊರಿನ ಬಸ್ಸು ಕಂಡರೆ ಜೇಬು ಮುಟ್ಟಿ ನೋಡಿಕೊಳ್ಳತೊಡಗಿದರು. ಠಾಣೆ ಮುಚ್ಚುವ ಮಾತು ನಿಂತಿತು. ದಫೇದಾರನ ಕೈಕೆಳಗೆ ಇಬ್ಬರು ಪೇದೆಗಳು ಬಂದರು.

ಸಾಹೇಬರ ಸಂಸಾರ ಬಂದರಿನ ಕೆಳಅಂತಸ್ತಿಗೆ ಬಂತು. ಗಂಟುಮೂಟೆ ಬಿಚ್ಚುವ ಮೊದಲೇ ಬಾಮೈದ ಮಹಡಿಯಿಂದ ಇಳಿದು ಬಂದ, ಎರಡು ಕೈಯಲ್ಲಿ ಎರಡು ಪೆಟ್ಟಿಗೆ ಹಿಡಿದು.

“ಭಾವ, ಇದು ನಿಮ್ಮದು. ಇನ್ಮೇಲೆ ಕದಿಯೋದು ಬೇಡ. ನಾನು ಇದರ ಅಣ್ಣನನ್ನ ತಂದ್ಕೊಂಡೆ, ಇನ್ನೂ ದೊಡ್ಡದು. ನಾಳೆಯಿಂದ ಬೆಳಿಗ್ಗೆ ಇಬ್ಬರೂ ಒಟ್ಟಿಗೆ.”

“ನಂಗೆ ಕಲಿಯೋ ವಯಸ್ಸಾ ಇದು?”

“ಹುಚ್ಚಿಗೆ ವಯಸ್ಸಾ ರೀ? ಸ್ಟೇಷನ್ನಲ್ಲಿ ಬರೆದು ಸೈನ್ ಮಾಡಿದೀರಲ್ಲ,” ಎಂದು ಟೀಚರಮ್ಮ ಒಳಗಿನಿಂದಲೇ ಕೂಗಿದರು.

ಒಬ್ಬನನ್ನು ಹೇಗೋ ಸಹಿಸಿಕೊಂಡಿದ್ದ ಬೀದಿ, ಇಬ್ಬರನ್ನು ಸಹಿಸಲಿಲ್ಲ. ಮೊದಲ ವಾರ ಎದುರುಮನೆಯವರು ಹೋಗಿ ದೂರು ಕೊಟ್ಟರು. ಆಮೇಲೆ ಪಕ್ಕದವರು. ಆಮೇಲೆ ಬೀದಿಯೇ ಎದ್ದು ನಿಂತಿತು. ದೂರು ಬರೆದುಕೊಳ್ಳಲು ಮನಸ್ಸಿಲ್ಲದ ಆ ಇನ್ಸ್‌ಪೆಕ್ಟರೇ ಕೊನೆಗೊಂದು ಬೆಳಿಗ್ಗೆ ಕಿವಿಗೆ ಹತ್ತಿ ತುರುಕಿಕೊಂಡು ಠಾಣೆಗೆ ಓಡಿ, ತಮ್ಮ ದೂರನ್ನು ತಾವೇ ಬರೆದುಕೊಂಡರು. ಎಲ್ಲ ದೂರುಗಳಲ್ಲೂ ಆರೋಪಿ ನಂಬರ್ ಒಂದು ತಕ್ಕಡಿ ಸಾಹೇಬರೇ. ಬಾಮೈದನಿಗಾದರೂ ಅಷ್ಟಿಷ್ಟು ಅಭ್ಯಾಸವಿತ್ತು.

ಮುಂದಿನ ವರ್ಷದ ಪಟ್ಟಿ ಬಂದ ದಿನ ಸಾಹೇಬರು ಪೇಪರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಡುಗೆಮನೆಗೆ ನುಗ್ಗಿದರು. ಬಂದರಿನ ಊರು ಎಲ್ಲಕ್ಕಿಂತ ಮೇಲೆ! ಗುಡ್ಡದ ಊರಿನಲ್ಲಿ ವರ್ಷವಿಡೀ ಒಂದು ಕೊಡೆಯೇಟೂ ಇಲ್ಲ!

“ನೋಡೇ, ನೋಡು! ಈಗೇನಂತೀಯ? ಮಾತು ಅಂದ್ರೆ ಮಾತು. ನಾಳೆಯೇ ಗುಡ್ಡಕ್ಕೆ ಹೊರಡೋಣ!”

ಟೀಚರಮ್ಮ ಪೇಪರ್ ತೆಗೆದುಕೊಂಡು ನಿಧಾನವಾಗಿ ಓದಿ, ಮಡಿಸಿ, ಡಬ್ಬಗಳ ಕೆಳಗೆ ಹಾಸಿದರು.

“ಹೋಗೋಕೆ ನಂದೇನೂ ಅಡ್ಡಿಯಿಲ್ಲ ರೀ,” ಎಂದರು. “ಆದ್ರೆ ಲೆಕ್ಕ ಬಲ್ಲವರು ನೀವೇ ಹೇಳಿ. ಹೋದ ವರ್ಷ ನೀವು ಗುಡ್ಡಕ್ಕೆ ಹೋದ್ರಿ, ಗುಡ್ಡ ಮೇಲೆ ಬಂತು. ಈ ವರ್ಷ ಇಲ್ಲಿಗೆ ಬಂದ್ರಿ, ಇದು ಮೇಲೆ ಬಂತು. ರೇಟು ಕಮ್ಮಿಯಿರೋ ಊರು ಬೇಕು ಅಂದ್ರೆ, ನಾನೊಬ್ಬಳೇ ಹೋಗ್ಬೇಕಾಗುತ್ತೆ.”